ತಾಜುನ್ನೀಸಾ ಹೊಲಿದ ಜಪಾನ್ ಗೌನು

ಹೊಲಿಗೆ ಅನ್ನುವುದು ಬರುವುದು ತನಗೊಬ್ಬಳಿಗೇ ಎಂದು ಮುಳಬಾಗಿಲಿನ ತಾಜುನ್ನೀಸಾಳ ನಂಬಿಕೆ. ಮೂವತ್ತು ವರ್ಷ ಮಷಿನ್ ತುಳಿದವಳು, ಅಷ್ಟು ಕೊಬ್ಬು ಇರಲಿ ಬಿಡಿ. ಬೇರೆಯವರು ಹೊಲಿದ ರವಿಕೆ ಕೈಗೆ ಸಿಕ್ಕರೆ ಒಳಮೈ ತಿರುಗಿಸಿ ನೋಡಿ ಮೂಗು ಮುರಿಯುತ್ತಿದ್ದಳು. ಬೀದಿಯಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆದು ಕಫನ್ ಬಟ್ಟೆ ಸುತ್ತುವುದಕ್ಕೂ ಅವಳೇ ಬೇಕು. ಆ ಕೆಲಸದಲ್ಲಿ ಮಾತ್ರ ಅವಳು ಯಾರನ್ನೂ ಹೀಗಳೆದವಳಲ್ಲ.

ಅವಳ ಬಾಯಿಗೆ ಸಿಕ್ಕಿ ಹಣ್ಣಾಗುತ್ತಿದ್ದವಳೆಂದರೆ ಕೋಲಾರದ ಬೊಟಿಕ್‌ನ ಆಶಾರಾಣಿ. ಮೂರು ತಿಂಗಳು ಫೋನಿನಲ್ಲೇ ಪಾಠ ಕೇಳಿ ಬೋರ್ಡಿನ ಮೇಲೆ ಡಿಸೈನರ್ ಎಂದು ಬರೆಸಿಕೊಂಡ ಈ ಮಹಾತಾಯಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಇನ್ನೊಬ್ಬರು ಬೇಕು. ಹೊಲಿಗೆ ತಾಜುನ್ನೀಸಾಳದು, ಹೆಸರು ಆಶಾರಾಣಿಯದು.

ಶ್ರೀನಿವಾಸಪುರದ ಮಾವಿನ ಮಂಡಿಯ ಕೋದಂಡರಾಮಪ್ಪನವರ ಮಗಳು ತ್ರಿವೇಣಿಯ ರಿಸೆಪ್ಷನ್ನಿಗೆ ಗೌನು ಬೇಕಾಯಿತು. ಹುಡುಗನಿಗೆ ಮಾಲೂರಿನ ಜಪಾನಿ ಕಂಪನಿಯಲ್ಲಿ ಕೆಲಸ. ಅವನ ಜಪಾನಿ ಸಾಹೇಬರು ಹೆಂಡತಿ ಸಮೇತ ಬರುವವರಿದ್ದರು. ಆಶಾರಾಣಿಗೆ ಇಷ್ಟು ಸಾಕಾಯಿತು. ಕಿಮೋನೊ ತರಹ ಎದೆಯ ಮೇಲೆ ಒಂದರ ಮೇಲೊಂದು ಬರುವ ಮಡಿಕೆ, ಅಗಲವಾದ ತೋಳು, ಸೊಂಟಕ್ಕೆ ಗೇಣಗಲದ ಪಟ್ಟಿ, ಮೇಲಿನ ಮಡಿಕೆಯಲ್ಲಿ ಜರಿದಾರದ ಕೊಕ್ಕರೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು.

ಯಾವಳೋ ಕನ್ನಡಿ ಮುಂದೆ ನಿಂತು ತೆಗೆದುಕೊಂಡ ಚಿತ್ರ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಬಲಗಡೆಯ ಬಟ್ಟೆ ಎಡದ ಮೇಲೆ ಬಂದಿದ್ದನ್ನು ಕಂಡದ್ದೇ ತಾಜುನ್ನೀಸಾಳ ಕೈ ನಿಂತಿತು. ಕಫನ್ ಸುತ್ತುವುದು ಹಾಗೆ.

"ಮೇಡಂ, ಮದುವೆ ಹೆಣ್ಣಿಗೆ ಈ ಕಡೆಯಿಂದ ಬೇಡ. ಎಡಗಡೆದು ಮೇಲೆ ಬರ್ಲಿ."

"ಜಪಾನ್ ಬಗ್ಗೆ ನಿಂಗೇನ್ ಗೊತ್ತು ತಾಜಮ್ಮ? ಫೋಟೋದಲ್ಲಿ ಇರೋ ಹಂಗೆ ಹೊಲಿ, ಸಾಕು."

ಮಾಲೂರಿನ ಕಾರ್ಖಾನೆಯಲ್ಲಿದ್ದ ಅಕ್ಕನ ಮಗ ತೌಹೀದ್ ಅಲ್ಲಿನ ಜಪಾನಿಯವರನ್ನು ಕೇಳಿಕೊಂಡು ಬಂದ. "ಖಾಲಾ, ನೀನು ಹೇಳಿದ್ದೇ ನಿಜ. ಅವರಲ್ಲೂ ಹೆಣಕ್ಕೆ ಮಾತ್ರ ಬಲಗಡೆದು ಮೇಲೆ ಹಾಕ್ತಾರಂತೆ."

ತಾಜುನ್ನೀಸಾ ಆಶಾರಾಣಿಗೆ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಹೊಟ್ಟೆ ತುಂಬ ನಕ್ಕಳು. ಜಪಾನ್ ಅರೆದು ಕುಡಿದವಳು ನಿಜವಾದ ಜಪಾನಿಯವರ ಎದುರೇ ಮೂಗು ಕೊಯ್ಸಿಕೊಳ್ಳಲಿ ಎಂದು, ಕೊಕ್ಕರೆಯ ಕಣ್ಣನ್ನೂ ಬಿಡದೆ, ಇಡೀ ಗೌನನ್ನು ಫೋಟೋದಲ್ಲಿದ್ದ ಹಾಗೇ ಹೊಲಿದಳು. ಅಷ್ಟು ಚೆಂದದ ಹೊಲಿಗೆ ಅವಳ ಕೈಯಲ್ಲೂ ಹಿಂದೆ ಬಂದಿರಲಿಲ್ಲ.

ರಿಸೆಪ್ಷನ್ ದಿನ, ಎಲ್ಲಾದರೂ ಸಡಿಲವಾದರೆ ಇರಲಿ ಎಂದು ಆಶಾರಾಣಿ ಅವಳನ್ನೂ ಛತ್ರಕ್ಕೆ ಕರೆಸಿದ್ದಳು. ತಮಾಷೆ ನೋಡಲೆಂದೇ ತಾಜುನ್ನೀಸಾ ಬಂದಳು. ತ್ರಿವೇಣಿ ಗೌನು ತೊಟ್ಟು, ತೋಳು ಚಾಚಿ ಅವಳ ಕಡೆ ತಿರುಗಿದಳು.

"ತಾಜಕ್ಕಾ, ಹೆಂಗಿದೆ?"

ಕಫನ್ ಸುತ್ತಿದ ಹಾಗಿತ್ತು. ಇಪ್ಪತ್ತಮೂರರ ಹುಡುಗಿ, ಕೆನ್ನೆಯ ಅರಿಶಿನ ಇನ್ನೂ ಮಾಸಿಲ್ಲ. ಇವಳು ತನಗೇನು ಮಾಡಿದ್ದಳು? ತಾಜುನ್ನೀಸಾಗೆ ತನ್ನ ಬಗ್ಗೆಯೇ ಅಸಹ್ಯವಾಯಿತು.

"ಬಿಚ್ಚಮ್ಮಾ. ತಪ್ಪು ಹೊಲ್ದಿದೀನಿ. ಈ ಮಡಿಕೆ ಜಪಾನಿಯವರು ಹೆಣಕ್ಕೆ ಹಾಕೋದು."

"ಏಯ್, ಏನ್ ಮಾಡ್ತಿದೀಯ? ಜಪಾನಿಯವರು ಬಂದಾಯ್ತು!" ಎಂದು ಆಶಾರಾಣಿ ಕಿರುಚುತ್ತಿದ್ದಳು. ತಾಜುನ್ನೀಸಾ ಸೊಂಟದ ಹೊಲಿಗೆ ಕಿತ್ತು, ಎಡವನ್ನು ಬಲದ ಮೇಲೆ ತಂದು, ಕೈಹೊಲಿಗೆ ಹಾಕಿ ಪಟ್ಟಿ ಬಿಗಿದಳು. ವಾರವಿಡೀ ಕೂತು ಹಾಕಿದ ಕೊಕ್ಕರೆ ಅಡಿಗೆ ಹೋಯಿತು, ಮೇಲೆ ಬರೀ ರೇಷ್ಮೆ ಉಳಿಯಿತು. ಬಾಗಿಲಲ್ಲಿ ನಿಂತಿದ್ದ ನೆಂಟರಿಗೆ ಆಶಾರಾಣಿ ಆಗಲೇ, "ಸಿಂಪಲ್ಲಾಗಿರೋದೇ ಜಪಾನ್ ಸ್ಟೈಲು," ಎಂದು ವಿವರಿಸುತ್ತಿದ್ದಳು. ನಾಚಿಕೆಯೆಂಬುದು ಅವಳ ಬೊಟಿಕ್‌ನಲ್ಲಿ ಸಿಗುವ ಮಾಲಲ್ಲ.

ತ್ರಿವೇಣಿಗೆ ಕಣ್ಣು ತುಂಬಿತ್ತು. "ನೀವು ನೋಡ್ದೆ ಇದ್ದಿದ್ರೆ ಏನ್ ಗತಿಯಕ್ಕಾ," ಎಂದು ತಾಜುನ್ನೀಸಾಳ ಕಾಲು ಮುಟ್ಟಲು ಬಗ್ಗಿದಳು. ತಾಜುನ್ನೀಸಾ ಬೆಂಕಿ ತಗುಲಿದವಳಂತೆ ಕಾಲು ಹಿಂದಕ್ಕೆ ಎಳೆದುಕೊಂಡಳು.