ಅಕ್ಕನ ಕುರ್ಚಿ, ತಂಗಿಯ ಚಾವಣಿ

ಬೆಳಗಿನ ಐದೂವರೆ. ಹಳೆಯ ರಂಗಮಂದಿರದ ನೆಲದಲ್ಲಿ ಐವತ್ತಾರರ ಹೆಂಗಸೊಬ್ಬರು ಮಂಡಿಯೂರಿ, ಹೋದ ವಾರ ತಾವೇ ಬಿಗಿದ ಕುರ್ಚಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಯಾಕೆಂದು ಕೇಳಿದರೆ ತಲೆ ಎತ್ತದೆ, "ಮಾಡಿದ್ದುಣ್ಣೋ ಮಹರಾಯ" ಅನ್ನುತ್ತಾರೆ.

ನಿಜ ಹೇಳಿಬಿಡುತ್ತೇನೆ, ನಾನು ಪತ್ರಿಕೆಯಿಂದ ಬಂದದ್ದು ಇವರ ತಂಗಿಯನ್ನು ಕಾಣಲು. ಇಪ್ಪತ್ತೆರಡು ವರ್ಷ ಬೀಗ ಬಿದ್ದಿದ್ದ ಈ ಮಂದಿರ ಇನ್ನು ಹತ್ತು ದಿನಕ್ಕೆ ಊರವರ ಸಭೆಗೆ, ಸಂಗೀತಕ್ಕೆ, ಮಕ್ಕಳ ನಾಟಕಕ್ಕೆ ತೆರೆದುಕೊಳ್ಳಲಿದೆ. ಚಾವಣಿಯ ಮಾಸಿದ ಚಿತ್ರಗಳಿಗೆ ಮತ್ತೆ ಬಣ್ಣ ತುಂಬುತ್ತಿರುವವರು ತಂಗಿ. ಬಂದವರೆಲ್ಲ ಕತ್ತೆತ್ತಿ 'ಆಹಾ' ಅನ್ನುತ್ತಾರೆ. ಕೆಳಗಿನ ಮುನ್ನೂರ ಎಂಬತ್ತಾರು ಕುರ್ಚಿಗಳ ಸ್ಪ್ರಿಂಗ್ ಕಟ್ಟಿ, ನಾರು ತುಂಬಿ, ದಿನಕ್ಕೆ ಆರರಂತೆ ಹೊಲಿದವರು ಅಕ್ಕ.

"ಅಪ್ಪ ಹೋದಾಗ ನಂಗೆ ಹದಿನಾಲ್ಕು. ಶಾಲೆ ಬಿಟ್ಟು ಸೂಜಿ ಹಿಡಿದೆ. ಅವಳು ಕುಂಚ ಹಿಡಿದಳು. ಆ ಕುಂಚ ತಂದುಕೊಟ್ಟಿದ್ದು ಯಾರು ಅಂತ ನಿಮ್ಮ ಪೇಪರ್‌ನವರು ಒಬ್ಬರೂ ಕೇಳಲಿಲ್ಲ."

ಒಮ್ಮೆ ಪತ್ರಿಕೆಯಲ್ಲಿ ಇಬ್ಬರ ಫೋಟೋ ಬಂತಂತೆ. "ಅವಳು ಪೂರ್ತಿ ಬಂದಿದ್ದಳು. ನಂದು ಮೊಣಕೈ ಮಾತ್ರ. ಮೊಣಕೈ ಚೆನ್ನಾಗಿ ಬಂದಿದೆ ಅಂದ ನಮ್ಮ ಯಜಮಾನರಿಗೆ ಅವತ್ತು ಊಟ ಇಲ್ಲ!" ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಚಾವಣಿಯ ಒಂದು ಮೂಲೆ ಬಾಕಿಯಿತ್ತು. ತಾವು ನಿಂತು ಬಣ್ಣ ಹಚ್ಚುವ ಅಟ್ಟಣಿಗೆ ಇನ್ನೊಂದು ವಾರ ಇರಲಿ ಎಂದು ತಂಗಿ ಬೇಡಿದ್ದರು. ಅದರ ಜಾಗದಲ್ಲಿ ಕುರ್ಚಿ ಕೂರಿಸುವುದು ಒಂದು ವಾರ ಕಾಯಬಹುದೇ ಎಂದು ಮೇಸ್ತ್ರಿ ಬಂದು ಅಕ್ಕನನ್ನು ಕೇಳಿದರು. "ಆಗಲ್ಲ, ಕುರ್ಚಿ ಕೂರಿಸಲೇಬೇಕು ಅಂದ್ಬಿಟ್ಟೆ. ಸುಳ್ಳು. ಕಾಯಬಹುದಿತ್ತು. ಹೊಟ್ಟೆಕಿಚ್ಚು ಬಾಯಿಗೆ ಬಂದುಬಿಡ್ತು."

ಅಟ್ಟಣಿಗೆ ಇಳಿಯಿತು, ಮೂಲೆ ಹಾಗೇ ಉಳಿಯಿತು. ತಂಗಿ ದಿನವೂ ಅದರ ಕೆಳಗೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದರು. "ನನ್ನ ಮೇಲೆ ಎಳ್ಳಷ್ಟೂ ಅನುಮಾನ ಪಡಲಿಲ್ಲ ಕಣ್ರೀ. ಅದನ್ನೇ ತಡ್ಕೊಳ್ಳೋಕೆ ಆಗಲಿಲ್ಲ." ನಿನ್ನೆ ಅಡುಗೆಮನೆಯಲ್ಲಿ ಅಕ್ಕನೇ ಎಲ್ಲ ಹೇಳಿದರು. ತಂಗಿ ಸೌಟು ಕೆಳಗಿಟ್ಟು, "ಫೋಟೋ ಬೇಕಿದ್ರೆ ಬಾಯಿಬಿಟ್ಟು ಕೇಳೋಕಾಗಲ್ವಾ ನಿಂಗೆ?" ಎಂದವರು ಬಾಗಿಲು ದಢಾರನೆ ಎಳೆದುಕೊಂಡು ಹೋದರು. ಅಕ್ಕ ಅಲ್ಲಿಂದ ನೇರ ಮೇಸ್ತ್ರಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಅಟ್ಟಣಿಗೆ ಮತ್ತೆ ನಿಲ್ಲಬೇಕಾದರೆ ಇಪ್ಪತ್ತೆಂಟು ಕುರ್ಚಿ ಏಳಬೇಕು.

ಆರೂವರೆಗೆ ತಂಗಿ ಬರುತ್ತಾರೆ. ಇನ್ನೊಂದು ಸ್ಪ್ಯಾನರ್ ಎತ್ತಿಕೊಂಡು ಸಾಲಿನ ಆ ತುದಿಯಿಂದ ಬಿಚ್ಚತೊಡಗುತ್ತಾರೆ. ನಡುವಿನ ಕುರ್ಚಿಗೆ ಬರುವಷ್ಟರಲ್ಲಿ, "ಅದು ಎಡಕ್ಕೆ ತಿರುಗಿಸೋದು" ಎಂದು ಅಕ್ಕ ಗದರುವುದು, "ಗೊತ್ತು" ಎಂದು ತಂಗಿ ಸಿಡುಕುವುದು ಕೇಳಿಸುತ್ತದೆ.

ಮೇಸ್ತ್ರಿಯ ಆಳುಗಳು ಅಟ್ಟಣಿಗೆ ನಿಲ್ಲಿಸಿದ ಮೇಲೆ, ಹತ್ತಕ್ಕೆ ತಂಗಿ ಮೇಲೇರಿ ಮೂಲೆಗೆ ಕುಂಚ ತಾಗಿಸುತ್ತಾರೆ. ಈಗ ಸಮಾಧಾನವೇ ಎಂದು ಅಕ್ಕನನ್ನು ಕೇಳುತ್ತೇನೆ.

"ಅವಳು ಹುಟ್ಟಿದಾಗಿಂದ ಇರೋ ಕಿಚ್ಚು, ಒಂದು ಬೆಳಗ್ಗೆಗೆ ಆರುತ್ತಾ? ಮೂಲೆ ಚೆನ್ನಾಗೇ ಆಗಲಿ. ನಂದೊಂದೇ ಆಸೆ, ಉದ್ಘಾಟನೆ ದಿನ ದೀಪ ಸ್ವಲ್ಪ ಬೇಗ ಆರಿಸಲಿ. ಕತ್ತಲಾದರೆ ಚಾವಣಿ ಯಾರಿಗೂ ಕಾಣಲ್ಲ. ಕುರ್ಚಿ ಮಾತ್ರ ಬೆನ್ನಿಗೆ ಗೊತ್ತಾಗುತ್ತೆ."