ಓಬಳಪ್ಪ ಸೊಲ್ಲು ಕೊಟ್ಟದ್ದು

ಬಲಸಮುದ್ರದ ಸುತ್ತಮುತ್ತ ಸೋಬಾನೆ ಎಂದರೆ ಭೀಮಕ್ಕ ಎಂಬಂತಿತ್ತು. ಅವಳು ಹಸೆಯ ಪಕ್ಕ ಕೂತು ಒಂದು ಸಾಲು ಎತ್ತಿದರೆ, ಹಿಂದಿನ ಹೆಂಗಸರು ಅದೇ ಸಾಲನ್ನು ಹಿಡಿದು ತಿರುಗಿ ಹೇಳಬೇಕು. ನಾವು ಅದಕ್ಕೆ ಸೊಲ್ಲು ಕೊಡುವುದು ಅನ್ನುತ್ತೇವೆ. ಸೊಲ್ಲಿಲ್ಲದ ಸೋಬಾನೆ ಒಂಟೆತ್ತು ಕಟ್ಟಿದ ನೇಗಿಲಿದ್ದ ಹಾಗೆ, ಸಾಲು ಹಿಡಿಯುವುದಿಲ್ಲ.

ಎರಡು ವರ್ಷದ ಹಿಂದೆ ಭೀಮಕ್ಕನ ಗಂಟಲಲ್ಲಿ ಗೆಡ್ಡೆ ಎದ್ದು ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳು ಮಾತಾಡಿದರೆ ಒಣಗಿದ ರಾಗಿಹುಲ್ಲಿನ ಮೇಲೆ ಕಾಲಿಟ್ಟ ಸದ್ದು. ಮದುವೆಮನೆಗೆ ಹೋಗುವುದನ್ನೇ ಬಿಟ್ಟಳು.

ಅವಳ ಗಂಡ ಓಬಳಪ್ಪ ಸೋಲಾರ್ ಪಾರ್ಕಿನ ಬೇಲಿಯ ಆಚೆಗಿನ ಬಯಲಲ್ಲಿ ಕುರಿ ಮೇಯಿಸುವವನು. ಅವನ ಮೊಬೈಲಿನಲ್ಲಿ ಹೆಂಡತಿಯ ಒಂದೇ ಒಂದು ಹಾಡಿತ್ತು. ಹಿಂದೆ ಯಾವುದೋ ಮದುವೆಯಲ್ಲಿ ಸೊಸೆ ಮಂಗಳಗೌರಿ ಭೀಮಕ್ಕನ ಬಾಯಿಯ ಹತ್ತಿರವೇ ಮೊಬೈಲು ಹಿಡಿದು ತುಂಬಿಸಿಕೊಂಡದ್ದು. ಅದರಲ್ಲಿ ಸೊಲ್ಲು ಕೊಟ್ಟವರ ದನಿ ಬಿದ್ದಿಲ್ಲ. ಭೀಮಕ್ಕನ ಒಂದು ಸಾಲು, ಆಮೇಲೆ ಖಾಲಿ, ಮತ್ತೊಂದು ಸಾಲು.

ಒಂದು ದಿನ ಓಬಳಪ್ಪ ಅದನ್ನು ಮನೆಯಲ್ಲಿ ಹಾಕಿಬಿಟ್ಟ. ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ಭೀಮಕ್ಕ ಹಿತ್ತಲಿಗೆ ಹೋದವಳು ಹೊತ್ತು ಮುಳುಗಿದರೂ ಒಳಗೆ ಬರಲಿಲ್ಲ. ಅಲ್ಲಿಂದಾಚೆಗೆ ಅವನು ಮನೆಯಲ್ಲಿ ಆ ಹಾಡಿನ ಸುದ್ದಿ ಎತ್ತಲಿಲ್ಲ. ಆದರೆ ಕೇಳದೆ ಇರಲೂ ಆಗಲಿಲ್ಲ. ಬಯಲಲ್ಲಿ ಹಾಕಿದರೆ ಗಾಳಿ ತಿಂದುಹಾಕುತ್ತಿತ್ತು. ಕಿವಿಗೆ ಇಡುವ ವೈರಿನ ಇಯರ್‌ಫೋನು ತಂದರೆ ಜಾಲಿಮುಳ್ಳಿಗೆ ಸಿಕ್ಕಿಕೊಂಡಿತು, ಉಳಿದದ್ದನ್ನು ಹೋತದ ಮರಿ ಅಗಿಯಿತು. ಕೊನೆಗೆ ವೈರಿಲ್ಲದ್ದನ್ನು ಕೊಳ್ಳಲು, ನಾಲ್ಕಕ್ಷರ ಬಲ್ಲವನೆಂದು ನನ್ನನ್ನೂ ಕರೆದುಕೊಂಡು ಪಾವಗಡಕ್ಕೆ ಹೊರಟ.

ಬಸ್ ಸ್ಟ್ಯಾಂಡಿನ ಬಳಿಯ ಅಂಗಡಿಯ ಲಕ್ಷ್ಮೀಪತಿ ಮೊದಲು ತೆಗೆದದ್ದು ದುಬಾರಿಯದು.

"ಇದು ಇಕ್ಕಂಡ್ರೆ ಪಕ್ಕದಾಗೆ ಬಸ್ ಹೋದ್ರೂ ಕೇಳ್ಸಲ್ಲ ತಾತಾ."

ಓಬಳಪ್ಪ ಕೆಂಡ ಮುಟ್ಟಿದವನಂತೆ ಕಿತ್ತು ಕೈಗೆ ಕೊಟ್ಟ. "ಬಸ್ಸು ಹಾಳಾಗೋಗ್ಲಿ ಬುಡು. ತೋಳ ಬಿದ್ರೆ ಕುರಿ ಅರಚೋದು ಕೇಳ್ಬೇಕಲ್ಲಪ್ಪಾ?"

ಆಮೇಲೆ ಲಕ್ಷ್ಮೀಪತಿ ಕಡ್ಡಿಯಂತೆ ಕಿವಿಯಿಂದ ಇಳಿಬೀಳುವುದನ್ನು ತೋರಿಸಿದ. ಅಂಗಡಿಯವನ ಡಬಡಬ ಹಾಡು ಬೇಡವೆಂದು ಓಬಳಪ್ಪ ತನ್ನದನ್ನೇ ಹಾಕಿಸಿದ. ದನಿ ಪಕ್ಕದ ಕೇರಿಯಿಂದ ಬಂದಂತಿದೆ ಅಂದ. ಮೂರನೆಯದು ತುದಿಯಲ್ಲಿ ರಬ್ಬರಿದ್ದು ಕಿವಿಗೆ ಬಿಗಿಯಾಗಿ ಕೂರುವಂಥದ್ದು. ಅದನ್ನು ಒಂದು ಕಿವಿಗೆ ಇಟ್ಟುಕೊಂಡವನು ಅಲುಗಾಡದೆ ನಿಂತ.

"ಉಸಿರು ತಗಂತಾಳೆ ಕಣಯ್ಯಾ," ಎಂದ ನನ್ನ ತೋಳು ಹಿಡಿದು. "ಸಾಲು ಎತ್ತಾಕ್ ಮುಂಚೆ."

ಒಂದೇ ಸಾಕು, ಇನ್ನೊಂದು ಕಿವಿ ಕುರಿಗಳಿಗೆ ಬೇಕು ಎಂದು ಕೇಳಿದ. ಲಕ್ಷ್ಮೀಪತಿ ನಕ್ಕು, ಜೋಡಿ ಮುರಿದು ಮಾರುವುದಿಲ್ಲ, ಇನ್ನೊಂದನ್ನು ಅಜ್ಜಿಯ ಕಿವಿಗೆ ಇಕ್ಕು ಎಂದ. ಓಬಳಪ್ಪ ದುಡ್ಡು ಎಣಿಸಿ ಕೊಟ್ಟ.

ಅಂದಿನಿಂದ ಅವನ ಬಲಗಿವಿ ಭೀಮಕ್ಕನದು, ಎಡಗಿವಿ ಮಂದೆಯದು. ಜೋಡಿಯ ಇನ್ನೊಂದು, ಅದರ ಡಬ್ಬಿಯಲ್ಲೇ, ಕಂಬಳಿಯ ಮಡಿಕೆಯೊಳಗೆ ಇರುತ್ತಿತ್ತು. ದಿನ ಕಳೆದಂತೆ ಹಾಡಿನ ನಡುವಿನ ಖಾಲಿ ಅವನಿಗೆ ತಡೆಯದಾಯಿತು. ತಾನೇ ಸೊಲ್ಲು ಕೊಡತೊಡಗಿದ. ನಮ್ಮಲ್ಲಿ ಗಂಡಸರು ಸೋಬಾನೆ ಹೇಳುವ ಪದ್ಧತಿಯಿಲ್ಲ. ಪಕ್ಕದ ಮಂದೆಯ ಸಣ್ಣರಂಗಯ್ಯ ಕೇಳಿ, "ಯಾವ ಕುರಿಗ್ಲಾ ಇವತ್ತು ಮದ್ವೆ?" ಎಂದು ಆಡಿಕೊಂಡ. ಇವನು ನಕ್ಕು ಮುಂದಿನ ಸೊಲ್ಲು ಕೊಟ್ಟ.

ಆಮೇಲೆ ನಡೆದದ್ದನ್ನು ಓಬಳಪ್ಪನೇ ನನಗೆ ಹೇಳಿದ್ದು. ಒಂದು ದಿನ ಬುತ್ತಿ ಮರೆತು ಹೋಗಿದ್ದ. ಭೀಮಕ್ಕ ಅದನ್ನು ಹೊತ್ತು ಹಿಂದಿನಿಂದ ಬಂದಳು. ಇವನು ಹೊಂಗೆಮರದ ಕೆಳಗೆ ಮಂದೆಯ ಕಡೆ ಮುಖ ಮಾಡಿ ಕೂತು ಒಂದು ಸಾಲು ಹೇಳುತ್ತಾನೆ, ಸುಮ್ಮನಾಗುತ್ತಾನೆ, ಮತ್ತೊಂದು ಸಾಲು ಹೇಳುತ್ತಾನೆ. ಬೇರೆಯವರಾದರೆ ತಲೆಕೆಟ್ಟಿದೆ ಅನ್ನುತ್ತಿದ್ದರು. ಅವನು ಸುಮ್ಮನಿದ್ದ ಜಾಗದಲ್ಲಿ ಯಾರ ದನಿ ಇದೆ ಎಂಬುದು ಭೀಮಕ್ಕನಿಗೆ ತಿಳಿಯಿತು.

ನೆರಳು ಕಂಡು ಓಬಳಪ್ಪ ತಿರುಗಿದ. ಗಾಬರಿಯಲ್ಲಿ ಕಿವಿಯದನ್ನು ಕಿತ್ತುಕೊಂಡ, ಅದು ಮಣ್ಣಿಗೆ ಬಿತ್ತು. ಅವಳು ಬುತ್ತಿ ಇಳಿಸಿ ಕೈ ಚಾಚಿದಳು. ಮತ್ತೆ ಅವಳನ್ನು ನೋಯಿಸಿದೆನಲ್ಲ ಎಂದುಕೊಂಡು ಡಬ್ಬಿ ಕೊಟ್ಟ. ಅವಳು ಅದರಲ್ಲಿದ್ದ ಇನ್ನೊಂದನ್ನು ತೆಗೆದು, ಯಾವ ಕಡೆಯಿಂದ ಇಡುವುದೆಂದು ತಿಳಿಯದೆ ತಿರುಗಿಸುತ್ತ ಕೂತಳು. ಅವನೇ ಕೂದಲು ಸರಿಸಿ ಅವಳ ಕಿವಿಗೆ ಇಟ್ಟ. ತನ್ನದನ್ನು ಒರೆಸಿ ಇಟ್ಟುಕೊಂಡು ಹಾಡನ್ನು ಮೊದಲಿನಿಂದ ಹಾಕಿದ.

ಒಂದು ಸಾಲು ಮುಗಿಯಿತು. ಅವನು ತುಟಿ ಬಿಚ್ಚಲಿಲ್ಲ. ಎರಡನೆಯದೂ ಸೊಲ್ಲಿಲ್ಲದೆ ಹೋಯಿತು. ಭೀಮಕ್ಕ ಅವನ ಮೊಣಕಾಲು ಅಲುಗಿಸಿದಳು.

"ಯಾಕ್ ಬಾಯಿ ಮುಚ್ಕಂಡೆ? ಸೊಲ್ಲು ಕೊಡು."

"ನಂಗೆ ರಾಗ ತಪ್ತದೆ."

"ತಪ್ತಾನೇ ಐತೆ. ಆವಾಗ್ಲಿಂದ ಕೇಳ್ತಾ ಇವ್ನಿ. ಕೊಡು."

ಅವನು ಕೊಟ್ಟ. ಅವಳು ಅವನ ಮೊಣಕಾಲ ಮೇಲೆಯೇ ತಾಳ ತಟ್ಟುತ್ತ, ತಪ್ಪಿದ ಕಡೆ ಜೋರಾಗಿ ಬಡಿದು ತಿದ್ದಿದಳು. ಪ್ರತಿ ಸಾಲಿಗೂ ಮೊದಲು, ಕಿವಿಯೊಳಗಿನ ಭೀಮಕ್ಕ ಉಸಿರು ತೆಗೆದುಕೊಂಡಾಗ, ಹೊರಗಿನ ಭೀಮಕ್ಕನ ಎದೆಯೂ ತುಂಬಿಕೊಳ್ಳುತ್ತಿತ್ತು. ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ಹಾಡು ಮುಗಿಯಿತು. ಕಟ್ಟಿ ತಂದ ಮುದ್ದೆ ಹಾಗೆಯೇ ಇತ್ತು. ಕಿವಿಯದು ಜಾರದಂತೆ ಕೈ ಒತ್ತಿಕೊಂಡು ಅವಳು ಹೇಳಿದಳು:

"ಇನ್ನೊಂದ್ ಸಲ ಇಕ್ಕು."