ಒತ್ತಿ ತುಂಬಿದ ಚೀಲ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಕಲಬುರಗಿಯ ಗಾಜಿಪುರದ ನಮ್ಮ ಅಡುಗೆಮನೆಯಲ್ಲಿದ್ದವರು ಇಬ್ಬರು: ನಾನು, ಸೊಸೆ ಸುಜಾತಾ. ತುಂಬಿದ ಕಸದ ಚೀಲವನ್ನು ಅವಳು ಅಂಗೈಯಿಂದ ಒತ್ತುತ್ತಿದ್ದಳು. "ಕೈ ತೆಗಿ!" ಎಂದು ನಾನು ಕೂಗಿದ ರಭಸಕ್ಕೆ ಚೀಲವೇ ಉರುಳಿತು.

"ಮೆಂತೇಪಲ್ಯದ ಕಡ್ಡಿ ಅವ್ರಿ ಮಾವಾರ, ಚೇಳೇನಿಲ್ಲ."

ನಗಬಹುದಿತ್ತು. ನಗಲಾಗಲಿಲ್ಲ. ಹಾಗೆ ಒತ್ತುವುದನ್ನು ಒಂದು ಕಾಲಕ್ಕೆ ಹತ್ತಾರು ಜನರಿಗೆ ಕಲಿಸಿದವನು ನಾನೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಇದೇ ಊರಿನ ಒಂದು ದಂತ ಆಸ್ಪತ್ರೆಯಲ್ಲಿ ನಾನು ಸ್ಟೋರ್‌ಕೀಪರ್. ಪೊರಕೆ, ಫಿನಾಯಿಲ್, ಹತ್ತಿ, ಎಲ್ಲಕ್ಕೂ ಒಂದು ಜಾಗ, ಒಂದು ಚೀಟಿ, ಒಂದು ಹೊತ್ತು. ಎಂಟೂ ಐದಕ್ಕೆ ಬಂದವರಿಗೆ ಪೊರಕೆ ಕೊಡುವ ಮುನ್ನ ಗೋಡೆಯ ಗಡಿಯಾರ ತೋರಿಸುತ್ತಿದ್ದೆ. ಇಂಥವನ ಜೊತೆ ಬಾಳಿದ ನನ್ನ ಹೆಂಡತಿಯ ಸಹನೆಯನ್ನು ನೀವೇ ಊಹಿಸಿಕೊಳ್ಳಿ. ಚೀಲಗಳು ಬೇಗ ಮುಗಿಯುತ್ತವೆಂದು ನಾನೊಂದು ನಿಯಮ ಮಾಡಿದ್ದೆ: ಕಸವನ್ನು ಕೈಯಿಂದ ಒತ್ತಿ ತುಂಬಬೇಕು. ಅದರ ಬಗ್ಗೆ ಹೆಮ್ಮೆಯೂ ಇತ್ತು. ಸೋಂಕು ಡಾಕ್ಟರರ ವಿಷಯ. ಅದರ ಪಾಠವೂ ಅವರಿಗಷ್ಟೇ. ನಾವು ಆ ಕೋಣೆಯಲ್ಲಿ ಕುರ್ಚಿ ಹಾಕಿ, ಚಹಾ ಕೊಟ್ಟು, ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತಿದ್ದೆವು.

ಶರಣಮ್ಮ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದು ಕಸ ಗುಡಿಸುತ್ತಿದ್ದವಳು. ಒಂದು ಬೆಳಿಗ್ಗೆ ಪೊರಕೆಗೆ ಚಾಚಿದ ಅವಳ ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿತ್ತು.

"ಏನಾತು?"

"ನಿನ್ನೆ ಸೂಜಿ ಚುಚ್ಚ್ಯದರಿ."

"ಮನ್ಯಾಗ ಹೊಲಿಯಾಕ ಕುಂತಿದ್ದೇನು?"

"ಇಲ್ರಿ ಸಾಹೇಬ್ರ, ನಿಮ್ಮ ಚೀಲದಾಗ. ಒತ್ತು ಅಂದ್ರಿ, ಒತ್ತೀನಿ. ಚೀಲ ಉಳದದ್ದು ನಿಮಗ, ಚುಚ್ಚಿದ್ದು ನನಗ."

ಹಲ್ಲು ಕೀಳುವ ಮುನ್ನ ವಸಡಿಗೆ ಚುಚ್ಚುವ ಸೂಜಿ; ಯಾರೋ ಹತ್ತಿಯೊಳಗೆ ಎಸೆದಿದ್ದರು. ನರ್ಸನ್ನು ಕೇಳಿದೆ. ರಕ್ತದಿಂದ ಕಾಮಾಲೆ ಹತ್ತಬಹುದು, ತಡಮಾಡದೆ ಲಸಿಕೆ ಹಾಕಿಸಿ ಎಂದರು. ನೇರವಾಗಿ ಆಡಳಿತಾಧಿಕಾರಿಯ ಬಳಿ ಹೋದೆ.

"ಲಸಿಕಿ ಡಾಕ್ಟರಗೋಳಿಗೆ ತರ್ಸೀವಿ. ಕಸ ಹೊಡಿಯೋರಿಗೆಲ್ಲಾ ಎಲ್ಲಿಂದ ತರೂಣು? ಆಕೀನೇ ಬೇಪರ್ವಾ ಮಾಡ್ಯಾಳ, ತಪ್ಪು ಆಕೀದ ಅಂತ ಬರದು ಸಹಿ ಮಾಡ್ರಿ," ಎಂದು ಅವರು ರಿಜಿಸ್ಟರನ್ನು ನನ್ನತ್ತ ತಳ್ಳಿದರು.

ನಾನು ಬರೆದೆ: 'ಸ್ಟೋರ್‌ಕೀಪರನ ಆದೇಶದಂತೆ ಚೀಲ ಒತ್ತುವಾಗ ಗಾಯವಾಗಿದೆ.' ಸಹಿ ಮಾಡಿದೆ. ಹಂಚಿದ್ದ ಪೊರಕೆಗಳನ್ನೆಲ್ಲ ವಾಪಸು ತರಿಸಿ, ಸ್ಟೋರಿಗೆ ಬೀಗ ಹಾಕಿ, ಬಾಗಿಲ ಮುಂದೆ ಸ್ಟೂಲು ಎಳೆದುಕೊಂಡು ಕುಳಿತೆ.

ಅಧಿಕಾರಿ ಬಂದರು. "ಕೀಲಿ ತಗೀರಿ."

"ಆಕೀಗಿ ಲಸಿಕಿ ಹಾಕ್ರಿ, ತಗೀತೀನಿ."

"ನೌಕರಿ ಹೋಗ್ತದ."

"ಹೋಗ್ಲಿ ಬಿಡ್ರಿ."

ಹನ್ನೊಂದಕ್ಕೆ ನೆಲದ ತುಂಬ ರಕ್ತದ ಹತ್ತಿ. ಒಂದು ಗಂಟೆಗೆ ಉಗುಳುವ ಬೋಗುಣಿಗಳು ನಾರತೊಡಗಿದವು. ಪಕ್ಕದಲ್ಲಿ ನೆಲಕ್ಕೆ ಕೂತಿದ್ದ ಶರಣಮ್ಮ, "ನಿಮ್ಮ ಮಾರಿ ನೋಡಿದ್ರ ನಾ ಆಗಲೇ ಸತ್ತಂಗ ಅನಸ್ತದ್ರಿ," ಎಂದು ನಗಿಸಿದಳು. ಮೂರು ಗಂಟೆಗೆ ಹಿರಿಯ ಡಾಕ್ಟರಮ್ಮ ತಾವೇ ಲಸಿಕೆ ಹಿಡಿದು ಬಂದರು.

"ಮುಂಜಾನೇನೇ ನನಗ್ಯಾಕ ಹೇಳಲಿಲ್ರಿ?"

"ನಮ್ಮವರು ನಿಮ್ಮ ಬಾಗಲಾ ಬಡಿಯಂಗಿಲ್ರಿ," ಎಂದೆ.

ಅವರು ಆಗಲೇ ಲಸಿಕೆ ಚುಚ್ಚಿದರು, ನಾನು ಬೀಗ ತೆಗೆದೆ. ಮರುವಾರದ ಪಾಠಕ್ಕೆ ನಮ್ಮನ್ನೂ ಒಳಗೆ ಕೂರಿಸಿದರು. ಸೂಜಿಗೆ ಬೇರೆ ಡಬ್ಬಿ ಬಂತು. ನನಗೆ ಮೆಮೊ ಬಂತು. ಅದಕ್ಕೂ ಕ್ರಮಸಂಖ್ಯೆ ಹಾಕಿ ಫೈಲಿಗೆ ಸೇರಿಸಿದೆ. ಮುಂದಿನ ಆರು ತಿಂಗಳು ಪೊರಕೆ ಕೊಡುವಾಗ ನಾನು ಗಡಿಯಾರ ನೋಡಲಿಲ್ಲ, ಅವಳ ಕಣ್ಣು ಹಳದಿಯಾಗಿದೆಯೇ ಎಂದು ನೋಡುತ್ತಿದ್ದೆ. ಮೂರನೆಯ ಲಸಿಕೆಯೂ ಮುಗಿಯಿತು. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಇಷ್ಟು ವರ್ಷ ಮನೆಯಲ್ಲಿ ಬೀಗದ ಕಥೆ ಮಾತ್ರ ಹೇಳಿಕೊಂಡು ಮೆರೆದಿದ್ದೆ. ನಿಯಮ ಯಾರದೆಂದು ಹೇಳಿದ್ದು ಇವತ್ತೇ. ಸುಜಾತಾ ಉರುಳಿದ ಚೀಲವನ್ನು ಎತ್ತಿ ನಿಲ್ಲಿಸಿದಳು. ಅವಳಿಗೆ ಕೆಲಸ ಒಂದು ಹಲ್ಲಿನ ದವಾಖಾನೆಯ ಕೌಂಟರಿನಲ್ಲಿ.

"ನಿನಗ ಲಸಿಕಿ ಹಾಕ್ಯಾರೇನು?" ಎಂದು ಕೇಳಿದೆ.

"ನಾ ಬರೇ ಚೀಟಿ ಬರಿಯಾಕೀರಿ. ಗದ್ದಲ ಇದ್ದಾಗ ಸೂಜಿ, ಇಕ್ಕಳದ ಟ್ರೇ ತೊಳಿಯಾಕ ಒಯ್ದು ಕೊಡ್ತೀನಿ, ಅಷ್ಟ..." ಎಂದವಳು ಅಲ್ಲಿಗೇ ನಿಂತಳು.

ಅವಳ ದವಾಖಾನೆಗೆ ಅರ್ಜಿ ಬರೆಯಲು ಕಾಗದ ತಂದೆ. ಒಕ್ಕಣೆ ಹೇಳಲು ಬಾಯಿ ತೆರೆದೆ. "ನೀವು ಸುಮ್ಕ ಕೂಡ್ರಿ ಮಾವಾರ, ನಾ ಬರೀತೀನಿ," ಎಂದಳು. ಕೂತೆ. ಅಲ್ಲಿ ಕಸ ಗುಡಿಸುವ ಹೆಂಗಸಿನ ಹೆಸರನ್ನು ಮೊದಲು ಬರೆದಳು, ಆಮೇಲೆ ಕಸದ ಚೀಲ ಹೊರಗೆ ಒಯ್ಯುವ ವಾಚ್‌ಮನ್, ಕೊನೆಗೆ ತನ್ನದು. ಎಂಟು ಮುಕ್ಕಾಲಿಗೆ ಅರ್ಜಿ ಮುಗಿಯಿತು. ಕೊನೆಯ ಸಾಲು: 'ಲಸಿಕೆ ಹಾಕುವ ತನಕ ನಾವು ಮೂವರೂ ಟ್ರೇ, ಕಸ ಮುಟ್ಟುವುದಿಲ್ಲ.' ಮಡಿಸಿ ಬ್ಯಾಗಿಗೆ ಹಾಕಿಕೊಂಡು ಹೊರಟಳು.